ಶೇಖರನ ಬಾಯಿ ಮತ್ತು ಹನ್ನೆರಡು ವೋಲ್ಟ್

ನನ್ನ ತಮ್ಮ ಶೇಖರ ನಲವತ್ತು ವರ್ಷಗಳಲ್ಲಿ ಕುಡಿದ ಡೀಸೆಲ್ಲನ್ನೆಲ್ಲ ಒಟ್ಟು ಮಾಡಿದರೆ ಮಡಂತ್ಯಾರಿನಿಂದ ಮೂಡುಬಿದಿರೆಗೆ ಒಂದು ಬಸ್ಸು ಹೋಗಿ ಬರಬಹುದು. ಚಟಕ್ಕೆ ಕುಡಿದದ್ದಲ್ಲ. ಅವನದು ಜನರೇಟರ್ ಬಾಡಿಗೆಗೆ ಕೊಡುವ ಕೆಲಸ. ಮದುವೆಯೋ ಭೂತಕೋಲವೋ ರಾಜಕೀಯದವರ ಭಾಷಣವೋ, ಎಲ್ಲಿ ಕರೆಂಟ್ ಕೈಕೊಡಬಹುದೋ ಅಲ್ಲಿಗೆ ಅವನ ಪಿಕಪ್ ಹೋಗುತ್ತದೆ. ಜನರೇಟರನ್ನು ನೆಲಕ್ಕಿಳಿಸುತ್ತಾರೆ. ಡೀಸೆಲ್ ತುಂಬಿದ ನೀಲಿ ಡ್ರಮ್ಮು ಪಿಕಪ್ಪಿನಲ್ಲೇ ಉಳಿಯುತ್ತದೆ. ಇನ್ನೂರು ಲೀಟರಿನ ಡ್ರಮ್ಮನ್ನು ಬಗ್ಗಿಸಿ ಸುರಿಯುವುದು ಭೀಮನಿಗೆ ಮಾತ್ರ ಸಾಧ್ಯ. ಆದ್ದರಿಂದ ಪೈಪಿನ ಒಂದು ತುದಿ ಡ್ರಮ್ಮಿಗೆ, ಇನ್ನೊಂದು ಶೇಖರನ ಬಾಯಿಗೆ. ಒಂದು ಸಲ ಎಳೆದರೆ ಕೆನ್ನೆ ಒಳಗೆ ಹೋಗುತ್ತದೆ, ಕಣ್ಣು ಹೊರಗೆ ಬರುತ್ತದೆ. ಆಮೇಲೆ ಉಗುಳಿ, ಪೈಪನ್ನು ಜನರೇಟರಿನ ಟ್ಯಾಂಕಿಗೆ ಇಳಿಸುತ್ತಾನೆ. ಉಳಿದದ್ದು ತಾನಾಗಿ ಹರಿಯುತ್ತದೆ.

ಇದರಲ್ಲಿ ಅವನಿಗೆ ಹೆಸರೂ ಇತ್ತು. ನಾಲಿಗೆಗೆ ತಾಗಿದ ಹನಿಯಿಂದಲೇ ಡೀಸೆಲ್ ಶುದ್ಧವೋ, ಸೀಮೆಎಣ್ಣೆ ಸೇರಿಸಿದ್ದೋ ಎಂದು ಹೇಳುತ್ತಿದ್ದ. ಲಾರಿಯವರು ನೀರಿನ ಬಾಟಲಿಯಲ್ಲಿ ತಂದು, "ಶೇಖರಣ್ಣ, ಒಂಚೂರು ನೋಡಿ" ಎನ್ನುತ್ತಿದ್ದರು. ಇವನು ಕಣ್ಣು ಮುಚ್ಚಿ ಚಪ್ಪರಿಸಿ, ದೈವ ನುಡಿ ಕೊಡುವ ಗತ್ತಿನಲ್ಲಿ, "ನೀರು ಸೇರಿದೆ" ಎನ್ನುತ್ತಿದ್ದ. ಮನೆಯಲ್ಲಿ ನಾನು ಮಾಡಿದ ಸಾರಿಗೆ ಉಪ್ಪು ಹಾಕಿಲ್ಲವೆಂದು ಮಾತ್ರ ಅವನಿಗೆ ಒಮ್ಮೆಯೂ ಗೊತ್ತಾದದ್ದಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಅವನಿಗೆ ಹಲ್ಲಿನ ಸೆಟ್ಟು ಬಂತು. ಅರುವತ್ತೇಳು ವರ್ಷಕ್ಕೆ ಮತ್ತೆ ಹಲ್ಲು ಬಂದದ್ದರಿಂದ ಶೇಖರ ಕಾರಣವಿಲ್ಲದೆ ನಗುತ್ತಿದ್ದ. ಒಂದು ಗೃಹಪ್ರವೇಶದಲ್ಲಿ ಪೈಪು ಎಳೆಯುವಾಗ ಮೇಲಿನ ಸೆಟ್ಟು ಜಾರಿತು. ಅದು ನುಂಗಿಹೋಗದಂತೆ ನಾಲಿಗೆಯಲ್ಲಿ ತಡೆಯುವ ಗಡಿಬಿಡಿಯಲ್ಲಿ ಬಾಯಿಯಲ್ಲಿದ್ದ ಡೀಸೆಲ್ ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿ ಹಿಡಿಯಿತು. ಎಂಟು ದಿನ ಬಂಟ್ವಾಳದ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ. ಅಲ್ಲಿನ ನರ್ಸು ಆ ಹಲ್ಲನ್ನು ಮೂರು ಸಲ ಸೋಪಿನಲ್ಲಿ ತೊಳೆದು, ಹತ್ತಿಯಲ್ಲಿ ಸುತ್ತಿ, ಮೇಲೆ 'ಶೇಖರ ಅಜ್ಜ, ಜಾಗ್ರತೆ' ಎಂದು ಬರೆದು ನನ್ನ ಕೈಗೆ ಕೊಟ್ಟಿದ್ದಳು. ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ.

ಮನೆಗೆ ಕಳಿಸುವ ದಿನ ಡಾಕ್ಟರ್ ವಿಸ್ಮಿತಾ ನನ್ನನ್ನು ಬದಿಗೆ ಕರೆದು ಹೇಳಿದರು: "ಎಣ್ಣೆ ಶ್ವಾಸಕೋಶಕ್ಕೆ ಇಳಿದಿತ್ತು ಅಮ್ಮ. ಈ ಸಲ ಬದುಕಿದ್ದಾರೆ. ಇನ್ನೊಂದು ಸಲ ಹೀಗಾದ್ರೆ ಇಲ್ಲಿಗೆ ಕರ್ಕೊಂಡು ಬರುವಷ್ಟು ಸಮಯ ಇರ್ಲಿಕ್ಕಿಲ್ಲ." ಆಮೇಲೆ ಮಂಚದ ಹತ್ತಿರ ಬಂದು, "ಅಜ್ಜ, ಇನ್ನು ಪೈಪಿಗೆ ಬಾಯಿ ಹಾಕ್ಲೇಬಾರ್ದು" ಎಂದರು.

"ಬೀಡಿ, ಡಾಕ್ಟ್ರೇ?"

"ಅದೂ ಬೇಡ."

"ಹಾಗಾದ್ರೆ ಈ ಹಲ್ಲು ಎಂತಕ್ಕೆ?" ಎಂದು ಕೇಳಿದ ನನ್ನ ತಮ್ಮ.

ಆ ಎಂಟು ದಿನ ನಾನು ನಮ್ಮ ದೈವ ಕೊರಗಜ್ಜನಿಗೆ ಚಕ್ಕುಲಿಯ ಹರಕೆ ಹೇಳಿಕೊಂಡಿದ್ದೆ. ಕೊರಗಜ್ಜ ತನ್ನ ಕೆಲಸ ಮಾಡಿದ್ದ. ಇನ್ನು ಮುಂದಿನದನ್ನೂ ಅವನ ತಲೆಗೇ ಕಟ್ಟುವುದು ಸರಿಯಲ್ಲವೆಂದು ಡೀಸೆಲ್ ಎತ್ತುವ ಕರೆಂಟಿನ ಪಂಪು ತೆಗೆದುಕೊಳ್ಳುವ ನಿರ್ಧಾರ ಮಾಡಿದೆ. ಮುಂದಿನ ಭಾನುವಾರ ಕೊಕ್ಕಡದಲ್ಲಿ ಕುಶಾಲಪ್ಪನವರ ಮೊಮ್ಮಗಳು ತೃಷಾಳ ಮದುವೆ. ಜನರೇಟರ್ ಕಳಿಸುತ್ತೇನೆಂದು ಶೇಖರ ಮಾತು ಕೊಟ್ಟಾಗಿತ್ತು. ಭಾನುವಾರಕ್ಕೆ ಮೊದಲು ಪಂಪು ಬಾರದಿದ್ದರೆ ಅವನ ಬಾಯಿ ಮತ್ತೆ ಪೈಪಿಗೆ ಹೋಗುತ್ತದೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

"ಪಂಪಾ? ನಾನು ಸತ್ತ ಮೇಲೆ ತೆಗೋ" ಎಂದ ಶೇಖರ.

"ಸತ್ತ ಮೇಲೆ ಡೀಸೆಲ್ ಎಂತಕ್ಕೆ? ನಿನ್ನನ್ನು ಸುಡ್ಲಿಕ್ಕೆ ಸೌದೆ ಸಾಕು. ಹೋಗುವ, ನಡಿ."

ಗುರುವಾರ ಬೆಳಿಗ್ಗೆ ಮೆಲ್ಕಾರಿಗೆ ಹೋದೆವು. ಮೊದಲು ಹೋದದ್ದು ಇಬ್ರಾಹಿಂ ಖಲೀಲರ ಅಂಗಡಿಗೆ. ನಲವತ್ತರ ಪ್ರಾಯದ ಮನುಷ್ಯ, ಮಾತು ಕಡಿಮೆ. ನನ್ನನ್ನು ನೋಡಿದ ಕೂಡಲೇ ತಾನು ಕುಳಿತಿದ್ದ ಸ್ಟೂಲನ್ನು ಹೊರಗಿಟ್ಟು, ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಶೇಖರನಿಗೆ ಪ್ರಶ್ನೆ ಕೇಳತೊಡಗಿದರು.

"ಪೆಟ್ರೋಲಿಗಾ, ಡೀಸೆಲಿಗಾ?"

"ಡೀಸೆಲಿಗೆ. ಯಾವುದಾದ್ರೆ ಎಂತ?"

"ಹಾಗಲ್ಲ ಶೇಖರಣ್ಣ. ಡೀಸೆಲಿನ ಪಂಪನ್ನು ಪೆಟ್ರೋಲಿಗೆ ಇಟ್ರೆ ಒಂದು ಕಿಡಿ ಸಾಕು, ಮತ್ತೆ ನಿಮ್ಮನ್ನು ಹುಡುಕ್ಲಿಕ್ಕೆ ಜನ ಬೇಕಾಗ್ತದೆ. ನೀರಿನ ಪಂಪೂ ಆಗುದಿಲ್ಲ, ಒಳಗಿನ ರಬ್ಬರ್ ಡೀಸೆಲಿಗೆ ಕರಗಿ ಹೋಗ್ತದೆ. ಎಷ್ಟು ಎತ್ತರಕ್ಕೆ ಎತ್ಲಿಕ್ಕುಂಟು? ಎಲ್ಲಿಟ್ಟು ನಡೆಸುದು? ಕರೆಂಟ್ ಎಲ್ಲಿಂದ?"

ಶೇಖರನ ಕಿವಿ ಕೆಂಪಾಯಿತು. ನಲವತ್ತು ವರ್ಷ ಜಿಲ್ಲೆಗೆಲ್ಲ ಕರೆಂಟ್ ಹಂಚಿದವನನ್ನು ಯಾರೋ ಕರೆಂಟ್ ಎಲ್ಲಿಂದ ಎಂದು ಕೇಳುತ್ತಿದ್ದಾರೆ!

"ಎಲ್ಲಿಂದ ಅಂದ್ರೆ? ನಾನು ಜನರೇಟರಿನವ, ಗೊತ್ತುಂಟಾ?"

"ಗೊತ್ತುಂಟು, ಅದಕ್ಕೇ ಕೇಳಿದ್ದು. ನಿಮಗೆ ಇದು ಆಗ್ತದೆ" ಎಂದು ಖಲೀಲ್ ಒಂದು ಪುಟ್ಟ ಪಂಪನ್ನು ಮೇಜಿನ ಮೇಲಿಟ್ಟರು. ಸಣ್ಣ ಹಲಸಿನ ಕಾಯಿಯಷ್ಟು ದಪ್ಪ. ಎರಡು ವಯರು, ಅವುಗಳ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಕೆಂಪು, ಕಪ್ಪು ಹಿಡಿಗಳು. "ಹನ್ನೆರಡು ವೋಲ್ಟಿದ್ದು. ಪಿಕಪ್ಪಿನ ಬ್ಯಾಟರಿಗೆ ಕಚ್ಚಿಸಿದ್ರೆ ಸಾಕು."

ಶೇಖರ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದ. ಅಷ್ಟು ಸುಲಭವಾಗಿ ಎದ್ದದ್ದೇ ಅವನಿಗೆ ಅವಮಾನವಾಯಿತು. "ಇದು ಮಕ್ಕಳ ಆಟದ್ದು. ನನ್ನ ಬಾಯಿಯ ಅರ್ಧ ಜೋರೂ ಇದಕ್ಕಿಲ್ಲ" ಎಂದು ಹೊರಗೆ ನಡೆದೇಬಿಟ್ಟ.

ನಾನು ಬಿ.ಎಸ್ಸಿ. ಓದಿದವಳು. ಮೂಡುಬಿದಿರೆಯಲ್ಲಿ ಮೂರು ವರ್ಷ ಭೌತಶಾಸ್ತ್ರದ ಪುಸ್ತಕ ಹೊತ್ತಿದ್ದೇನೆ. ಆಮೇಲೆ ಮೂವತ್ತು ವರ್ಷ ಸೊಸೈಟಿಯಲ್ಲಿ ಸಕ್ಕರೆ, ಗೊಬ್ಬರಗಳ ರಶೀದಿ ಬರೆಯುತ್ತ ಅದನ್ನೆಲ್ಲ ಮರೆತವಳು. ಖಲೀಲರ ಆ ಕೊನೆಯ ಪ್ರಶ್ನೆ ಎಷ್ಟು ದೊಡ್ಡದೆಂದು ಆಗ ನನ್ನ ತಲೆಗೂ ಹೊಳೆಯಲಿಲ್ಲ. ಇವನು ಪಂಪೇ ಬೇಡ ಎನ್ನುವ ಮೊದಲು ಯಾವುದಾದರೊಂದು ಕೊಂಡು ಮುಗಿಸೋಣ ಎಂದಷ್ಟೇ ಯೋಚಿಸಿ ಅವನ ಹಿಂದೆ ಓಡಿದೆ.

ಪಿಕಪ್ ಹತ್ತುವಾಗ ಖಲೀಲ್ ಹಿಂದೆಯೇ ಬಂದರು. ಕೈಯಲ್ಲಿ ಸುತ್ತಿದ ಪಾರದರ್ಶಕ ಪೈಪು. "ಅಕ್ಕ, ಇದು ಇಟ್ಟುಕೊಳ್ಳಿ. ಅವರು ಹೇಗೂ ಕೇಳುದಿಲ್ಲ. ಬಾಯಿ ಹಾಕಿದ್ರೂ ಇದರಲ್ಲಿ ಎಣ್ಣೆ ಬರುದು ಕಾಣ್ತದೆ, ಹೊತ್ತಿಗೆ ಸರಿಯಾಗಿ ಬಿಡಬಹುದು" ಎಂದರು. ಹಣ ಕೊಡಹೋದರೆ, "ತುಂಡು ಪೈಪಿಗೆ ಎಂತ ಹಣ" ಎಂದು ತಿರುಗಿ ನಡೆದರು. ಬೆನ್ನು ತಿರುಗಿಸಿ ಹೋದ ಗಿರಾಕಿಯ ಉಸಿರಿನ ಚಿಂತೆ ಮಾಡುವ ಅಂಗಡಿಯವರು ಇನ್ನೂ ಇದ್ದಾರೆ. ಪೈಪನ್ನು ನನ್ನ ಚೀಲದಲ್ಲಿಟ್ಟೆ.

ಎರಡನೆಯ ಅಂಗಡಿಯವನು ಏನನ್ನೂ ಕೇಳಲಿಲ್ಲ. "ಬನ್ನಿ ಧನಿಗಳೇ" ಎಂದ. ಅಷ್ಟಕ್ಕೇ ಶೇಖರನ ಹಲ್ಲು ಪೂರ್ತಿ ಹೊರಗೆ ಬಂತು. ಇಬ್ಬರು ಸೇರಿ ಎತ್ತುವಂಥ, ಹಳದಿ ಬಣ್ಣದ, ಮನೆಯ ಪ್ಲಗ್ಗಿಗೆ ಹಾಕುವ ಪಂಪನ್ನು ತೋರಿಸಿ, "ಡೀಸೆಲಿಗೇ ಮಾಡಿದ್ದು ಧನಿಗಳೇ. ಇದನ್ನು ಹಾಕಿದ್ರೆ ನೇತ್ರಾವತಿಯನ್ನು ಮೇಲಕ್ಕೆ ಹರಿಸಬಹುದು" ಎಂದ. ಪಂಪು ಒಳ್ಳೆಯದೇ ಆಗಿತ್ತು. ಅದರ ತಪ್ಪು ಏನೂ ಇಲ್ಲ. ಶೇಖರ ಅದನ್ನು ತಟ್ಟಿ, ತೂಗಿ, ಕೊನೆಗೆ ನೆಕ್ಕಲಿಲ್ಲ ಅಷ್ಟೆ, ತೆಗೆದುಕೊಂಡ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅದನ್ನು ಹಿಂತಿರುಗಿ ನೋಡುತ್ತಾ ಬಂದ. ನಾನು ಸಮಾಧಾನದಿಂದ ಕಣ್ಣು ಮುಚ್ಚಿದೆ. ಅವನ ಬಾಯಿ ಉಳಿಯಿತು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಕೊಕ್ಕಡ ತಲುಪಿದೆವು. ಚಪ್ಪರದ ಹಿಂದೆ ಜನರೇಟರ್ ಇಳಿಸಿಯಾಯಿತು. ಪಿಕಪ್ಪಿನಲ್ಲಿ ಡ್ರಮ್ಮು, ಅದರ ಪಕ್ಕದಲ್ಲಿ ಹಳದಿ ಪಂಪು. ಮನೆಯ ಜಗಲಿಯಿಂದ ವಯರು ಎಳೆದು ಪ್ಲಗ್ಗು ಹಾಕಿದ. ಆಮೇಲೆ ಪಂಪಿನ ಮೇಲೆ ತನ್ನ ಹೆಗಲ ಮೇಲಿದ್ದ ಕೆಂಪು ಬೈರಾಸನ್ನು ಹೊದೆಸಿದ.

"ಟ್ಯಾಂಕ್ ತುಂಬಿಸು ಶೇಖರ, ಕರೆಂಟ್ ಉಂಟಲ್ಲ ಈಗ" ಎಂದೆ.

"ಜನ ಬರ್ಲಿ ಅಕ್ಕ. ಹತ್ತೂವರೆಗೆ ಎಲ್ಲ ಸೇರಿರ್ತಾರೆ, ಆಗ ತುಂಬಿಸ್ತೇನೆ. ಎಲ್ಲರೂ ಒಂದ್ಸಲ ನೋಡ್ಲಿ."

ಅಂದರೆ ಉದ್ಘಾಟನೆ! ಖಾಲಿ ಟ್ಯಾಂಕನ್ನು ಖಾಲಿಯಾಗಿಯೇ ಇಟ್ಟುಕೊಂಡು ಅವನು ಪ್ರೇಕ್ಷಕರಿಗಾಗಿ ಕಾದ. ನನಗೆ ನಗು ಬಂತು. ನಲವತ್ತು ವರ್ಷ ಮದುಮಗನಿಗಿಂತ ದೊಡ್ಡ ಶಬ್ದ ಮಾಡುತ್ತಾ ಮದುವೆಯ ಹಿಂಬದಿಯಲ್ಲೇ ನಿಂತವನಿಗೆ ಒಂದು ದಿನ ಮುಂದೆ ನಿಲ್ಲುವ ಆಸೆಯಾದರೆ ಬೇಡವೆನ್ನುವುದು ಹೇಗೆ? ಸುಮ್ಮನೆ ಉಪ್ಪಿಟ್ಟು ತಿನ್ನಲು ಹೋದೆ.

ಹತ್ತೂಕಾಲಿಗೆ ಕರೆಂಟ್ ಹೋಯಿತು.

ಚಪ್ಪರದಲ್ಲಿ ಫ್ಯಾನುಗಳೆಲ್ಲ ಉಸ್ಸೆಂದು ನಿಂತವು. ಪಾಕಶಾಲೆಯಲ್ಲಿ ಗ್ರೈಂಡರ್ ಅರ್ಧ ತೆಂಗಿನಕಾಯಿಗೆ ನಿಂತಿತು. ಮೈಕ್ ಸತ್ತು ಪುರೋಹಿತರ ಮಂತ್ರ ದೇವರಿಗೆ ಮಾತ್ರ ಕೇಳಿಸುವಷ್ಟಾಯಿತು. ದೇವರಿಗೂ ಕೇಳಿಸಿತೋ ಇಲ್ಲವೋ. ಮುನ್ನೂರು ಜನ ಮದುವೆಯ ಕಾಗದದಿಂದ ಗಾಳಿ ಬೀಸಿಕೊಳ್ಳತೊಡಗಿದರು.

ಕುಶಾಲಪ್ಪನವರು ಪಂಚೆ ಎತ್ತಿಕೊಂಡು ಹಿಂದುಗಡೆ ಬಂದರು. "ಶೇಖರ, ಜನರೇಟರ್ ಹಾಕು ಮಾರಾಯ. ಮುಹೂರ್ತಕ್ಕೆ ಒಂದು ಗಂಟೆ ಉಂಟು, ಮದುಮಗಳ ಮುಖದ ಬಣ್ಣ ಇಳೀತಾ ಉಂಟಂತೆ."

"ಒಂದೇ ನಿಮಿಷ" ಎಂದ ಶೇಖರ. ಗಂಡಸರು ಸುತ್ತ ಸೇರಿದ್ದರು. ಅವನಿಗೆ ಬೇಕಾಗಿದ್ದದ್ದು ಅದೇ. ಬೈರಾಸನ್ನು ಒಂದೇ ಸಲ ಎಳೆದ. ಹಳದಿ ಪಂಪು ಬಿಸಿಲಿಗೆ ಹೊಳೆಯಿತು. ಸ್ವಿಚ್ಚು ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ವಯರು ಅಲ್ಲಾಡಿಸಿದ. ಪಂಪಿನ ತಲೆಗೆ ಮೆಲ್ಲ ಒಂದು ಏಟು ಕೊಟ್ಟ.

ಚಪ್ಪರ ಹಾಕಿಸುವ ಅಶೋಕ್ ಎಲ್ಲ ಮದುವೆಗಳಲ್ಲೂ ಇವನ ಜೊತೆಗಾರ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೇಳಿದ: "ಶೇಖರಣ್ಣ, ಪಂಪಿಗೆ ಕರೆಂಟ್ ಬೇಕಲ್ಲ?"

"ಹೌದು."

"ಕರೆಂಟ್ ಹೋಗಿದೆ. ಇನ್ನು ಜನರೇಟರ್ ಓಡ್ಬೇಕಲ್ಲ?"

"ಹೌದು ಮಾರಾಯ."

"ಜನರೇಟರಿಗೆ ಡೀಸೆಲ್ ಬೇಕಲ್ಲ?"

ಶೇಖರ ಮತ್ತೊಮ್ಮೆ ಸ್ವಿಚ್ಚು ಒತ್ತಿದ.

"ಡೀಸೆಲ್ ಹಾಕ್ಲಿಕ್ಕೆ ಪಂಪ್ ಬೇಕಲ್ಲ?" ಎಂದು ಅಶೋಕ್ ಎಲೆಯನ್ನು ಬಾಯಿಗಿಟ್ಟ.

ಆಮೇಲೆ ಕೊಕ್ಕಡದ ಗಂಡಸರು ನಕ್ಕ ನಗೆಗೆ ಹಟ್ಟಿಯಲ್ಲಿ ದನ ಎದ್ದು ನಿಂತಿತು. ಯಾರೋ ಮೊಬೈಲ್ ಹಿಡಿದರು. "ಕರೆಂಟ್ ಎಲ್ಲಿಂದ?" ಎಂದು ಖಲೀಲ್ ಕೇಳಿದ್ದು ನನ್ನ ಕಿವಿಯಲ್ಲಿ ಸೊಳ್ಳೆಯಂತೆ ಹಾಡಿತು. ಆ ಮನುಷ್ಯ ಎರಡು ಪದಗಳಲ್ಲಿ ಕೇಳಿದ್ದನ್ನು ಒಬ್ಬ ಜನರೇಟರಿನವನೂ ಒಬ್ಬಳು ಬಿ.ಎಸ್ಸಿ.ಯವಳೂ ಸೇರಿ ಅರ್ಥ ಮಾಡಿಕೊಂಡಿರಲಿಲ್ಲ.

ನಗದೆ ಇದ್ದವರು ಕುಶಾಲಪ್ಪ ಒಬ್ಬರೇ. ಬೈಯಲೂ ಇಲ್ಲ. ಚಪ್ಪರದ ಕಡೆ ತಿರುಗಿ, "ಏನಿಲ್ಲ, ಏನಿಲ್ಲ! ಶಬ್ದ ಬೇಡ ಅಂತ ನಾನೇ ಹೇಳಿದ್ದು. ಐದು ನಿಮಿಷ ಎಲ್ಲ ಶರಬತ್ತು ಕುಡಿಯುವ!" ಎಂದು ಕೂಗಿದರು. ಮೊಮ್ಮಗಳ ಮದುವೆಯ ದಿನ, ತಮ್ಮದಲ್ಲದ ತಪ್ಪಿಗೆ, ಇಷ್ಟು ಚೆಂದದ ಸುಳ್ಳು ಹೇಳಿದವರನ್ನು ನಾನು ಬೇರೆ ನೋಡಿಲ್ಲ.

ಆದರೆ ಆ ಸುಳ್ಳಿನಿಂದಲೇ ಶೇಖರನಿಗೆ ತಡೆಯಲಾಗದೆ ಹೋಯಿತು. ಸೀಟಿನ ಅಡಿಯಿಂದ ತನ್ನ ಹಳೆಯ ಕಪ್ಪು ಪೈಪನ್ನು ಎಳೆದ. ಬಿಟ್ಟು ಬಾ ಎಂದಿದ್ದೆ, ಬಿಟ್ಟಿರಲಿಲ್ಲ. ಅಶೋಕನ ನಗು ನಿಂತಿತು. "ಬೇಡ ಶೇಖರಣ್ಣ, ಕೊಡಿ, ನಾನು ಎಳೀತೇನೆ" ಎಂದ.

"ನಿನಗೆ ಬರುದಿಲ್ಲ. ನುಂಗಿ ಸಾಯ್ತೀ. ಹೆಂಡತಿ ಮಕ್ಕಳಿಗೆ ನಾನು ಎಂತ ಹೇಳ್ಲಿ?" ಎಂದು ಶೇಖರ ಪಿಕಪ್ ಹತ್ತಿದ. ಬಾಯಿಯಿಂದ ಹಲ್ಲಿನ ಸೆಟ್ಟು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ.

ಆ ಹಲ್ಲು ಕಿಸೆಗೆ ಬಿದ್ದದ್ದನ್ನು ನೋಡಿದ್ದೇ ಡಾಕ್ಟರ ಮಾತು ನೆನಪಾಯಿತು. ಇನ್ನೊಂದು ಸಲ ಆಸ್ಪತ್ರೆಗೆ ತಲುಪುವಷ್ಟು ಸಮಯ ಇರ್ಲಿಕ್ಕಿಲ್ಲ ಎಂದಿದ್ದರಲ್ಲ.

"ಇಳಿ ಕೆಳಗೆ!" ಎಂದೆ. ಎಪ್ಪತ್ತೆರಡು ವರ್ಷಗಳಲ್ಲಿ ನಾನು ಗಂಡಸರ ನಡುವೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ಬಾಯಿ ಹಾಕಿದ್ರೆ ಕುಶಾಲಪ್ಪನವರ ಚಪ್ಪರಕ್ಕೆ ನೀನು ಸತ್ತ ಬೊಜ್ಜದ ಊಟವೂ ಸೇರಿಸ್ತೀಯಾ? ಅಶೋಕ್, ಆ ಕುರ್ಚಿ ಇಲ್ಲಿ ಇಡು."

ಕುರ್ಚಿಯಿಂದ ಪಿಕಪ್ಪಿಗೆ ಹೇಗೆ ಹತ್ತಿದೆನೋ ನನಗೇ ತಿಳಿಯದು. ಅಶೋಕ್ ಮುಖ ಆಚೆ ತಿರುಗಿಸಿಕೊಂಡೇ ನನ್ನ ಮೊಣಕೈ ಹಿಡಿದಿದ್ದ. ಸೀರೆ ಸ್ವಲ್ಪ ಮೇಲೆ ಹೋಗಿತ್ತು. ಅಂಥ ಮರ್ಯಾದೆ ಅವನದು.

ಡ್ರಮ್ಮು ಕಂಠದವರೆಗೆ ತುಂಬಿತ್ತು. ಅದರ ಬಾಯಿ ಚಿಕ್ಕದು, ಚೊಂಬು ಹೋಗುವುದಿಲ್ಲ, ಶೇಖರನ ಕೈಯೂ ಹೋಗುವುದಿಲ್ಲ. ನನ್ನ ಬಡಕಲು ಕೈ ಹೋಗುತ್ತದೆ. ಎರಡು ಬಳೆ ತೆಗೆದು ಅಶೋಕನಿಗೆ ಕೊಟ್ಟೆ. ಚೀಲದಿಂದ ಖಲೀಲರ ಪೈಪು ತೆಗೆದೆ. ಆ ಹೊತ್ತಿಗೆ, ಮೂವತ್ತು ವರ್ಷಗಳ ಸಕ್ಕರೆ ಗೊಬ್ಬರಗಳ ಅಡಿಯಿಂದ, ಪ್ರಾಕ್ಟಿಕಲ್ ತರಗತಿಯ ಒಂದು ಬಕೆಟ್ ನೆನಪಾಯಿತು. ಪೈಪಿನೊಳಗೆ ಎಣ್ಣೆ ತುಂಬಿರಬೇಕು, ತುದಿ ಕೆಳಗಿರಬೇಕು. ಅಷ್ಟೇ. ಬಾಯಿಯೇ ಆಗಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಪೈಪನ್ನು ಇಡಿಯಾಗಿ ಡ್ರಮ್ಮಿನೊಳಗೆ ಬಿಟ್ಟೆ. ಹಾವು ಹುತ್ತಕ್ಕೆ ಇಳಿದಂತೆ ಇಳಿಯಿತು, ಗುಳುಗುಳು ಗುಳ್ಳೆ ಬಂದವು. ಇನ್ನೊಂದು ತುದಿ ಅಡಿಯಲ್ಲೇ ಇರುವಂತೆ ನೋಡಿಕೊಂಡು, ಮೇಲಿನ ತುದಿಯನ್ನು ಡೀಸೆಲ್ಲಿನ ಒಳಗೇ ಹೆಬ್ಬೆರಳಿನಿಂದ ಮುಚ್ಚಿ ಹೊರಗೆಳೆದೆ. ಪಾರದರ್ಶಕ ಪೈಪಿನ ನಡುವೆ ಗೇಣುದ್ದದ ಗಾಳಿ ಕಂಡಿತು. ಟ್ಯಾಂಕಿನ ಕಡೆ ಬಗ್ಗಿಸಿ ಹೆಬ್ಬೆರಳು ತೆಗೆದರೆ, ಒಂದು ಮುಕ್ಕುಳಿಯಷ್ಟು ಸುರಿದು ನಿಂತಿತು.

"ಆಗುದಿಲ್ಲ ಅಕ್ಕ. ಬಿಡು, ನಾನೇ..." ಹಲ್ಲಿಲ್ಲದ ಬಾಯಿಯಲ್ಲಿ ಅವನ ಮಾತು ಅಕ್ಕಿ ನುಚ್ಚಿನಂತಿತ್ತು.

"ಸುಮ್ಮನಿರು. ಈ ಸಲ ಗಾಳಿ ಪೂರಾ ಹೋಗುವವರೆಗೆ ಕಾಯ್ತೇನೆ."

ಮತ್ತೆ ಮುಳುಗಿಸಿದೆ. ಕೈ ಮಣಿಕಟ್ಟಿನವರೆಗೆ ಡೀಸೆಲ್ಲಿನಲ್ಲಿತ್ತು. ಕೊನೆಯ ಗುಳ್ಳೆ ಬರುವವರೆಗೆ ಕಾದು, ಹೆಬ್ಬೆರಳು ಒತ್ತಿ ಎಳೆದೆ. ಪೈಪಿನ ಉದ್ದಕ್ಕೂ ಹೊಂಬಣ್ಣ, ಒಂದು ಗುಳ್ಳೆಯೂ ಇಲ್ಲ. ಶೇಖರ ಕೆಳಗಿಳಿದು, ನನ್ನ ಹೆಬ್ಬೆರಳಿನ ಜಾಗಕ್ಕೆ ತನ್ನದನ್ನು ಒತ್ತಿ, ತುದಿಯನ್ನು ಟ್ಯಾಂಕಿನ ಬಾಯಿಗೆ ಹಿಡಿದ. "ಬಿಡು" ಎಂದೆ, ಹೆಬ್ಬೆರಳು ಬಿಟ್ಟ. ಡೀಸೆಲ್ ಹರಿಯಿತು, ನಿಲ್ಲಲಿಲ್ಲ.

ಯಾರೂ ನಗಲಿಲ್ಲ. ಶೇಖರ ಆ ಪೈಪನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಬಹಳ ಮೆಲ್ಲಗೆ, "ಅಕ್ಕ, ಇದು ನಿನಗೆ ಮೊದಲೇ ಗೊತ್ತಿತ್ತಾ?" ಎಂದ.

"ಕಾಲೇಜಿನಲ್ಲಿ ಕಲ್ತದ್ದು."

"ಹಾಗಾದ್ರೆ ನಲವತ್ತು ವರ್ಷ ನಾನು ಕುಡಿದದ್ದು?"

"ನೀನು ಒಂದು ದಿನವಾದ್ರೂ ನನ್ನನ್ನು ಡ್ರಮ್ಮಿನ ಹತ್ತಿರ ಬಿಟ್ಟಿದ್ದೀಯಾ? ಹೆಂಗಸರಿಗೆ ಡೀಸೆಲ್ ವಾಸನೆ ಆಗುದಿಲ್ಲ, ದೂರ ಹೋಗು ಅಂತಲೇ ಹೇಳಿದ್ದು."

ಅದು ಅವನ ಪ್ರೀತಿಯೇ ಆಗಿತ್ತು. ಅಷ್ಟು ಪ್ರೀತಿ ಮಾಡದಿದ್ದರೆ ಶ್ವಾಸಕೋಶ ಉಳಿಯುತ್ತಿತ್ತು.

ಜನರೇಟರ್ ಗುಡುಗಿತು. ಫ್ಯಾನು, ಮೈಕು, ಗ್ರೈಂಡರು ಎಲ್ಲ ಒಟ್ಟಿಗೆ ಎದ್ದವು. ಕುಶಾಲಪ್ಪನವರ ಹೆಂಡತಿ ಪೂವಮ್ಮ ಎಲ್ಲಿಂದಲೋ ತೆಂಗಿನೆಣ್ಣೆ, ಸೋಪು, ತನ್ನದೇ ಒಂದು ಹೊಸ ಸೀರೆ ಹಿಡಿದು ಬಂದು, "ಕಾಂತಿಯಕ್ಕ, ಮೊದಲು ಎಣ್ಣೆ ಉಜ್ಜಿ, ಆಮೇಲೆ ಸೋಪು. ವಾಸನೆ ಹೋಗ್ತದೆ" ಎಂದರು. ವಾಸನೆ ಹೋಗಲಿಲ್ಲ. ಊಟಕ್ಕೆ ನನ್ನ ಪಕ್ಕ ಕುಳಿತವರು ಮಾತ್ರ ಒಬ್ಬರೂ ಮೂಗು ಮುಚ್ಚಲಿಲ್ಲ. ಧಾರೆ ಮುಗಿಸಿ ಕಾಲು ಹಿಡಿಯಲು ಬಂದ ತೃಷಾ ಕಿವಿಯಲ್ಲಿ, "ಅಜ್ಜಿ, ನನ್ನ ಮದುವೆಯ ವೀಡಿಯೋದಲ್ಲಿ ನಿಮ್ಮದೇ ದೊಡ್ಡ ಸೀನ್. ಮದುಮಗನದ್ದು ಬರೇ ತಾಳಿ ಕಟ್ಟುದು" ಎಂದಳು.

ಸೋಮವಾರ ಬೆಳಿಗ್ಗೆ ನಾನು ಏನೂ ಹೇಳದೆಯೇ ಶೇಖರ ಪಿಕಪ್ ತೆಗೆದ. ನೇರ ಮೆಲ್ಕಾರಿಗೆ ಬಿಟ್ಟ. ಖಲೀಲ್ ನಮ್ಮನ್ನು ನೋಡಿ ಸ್ಟೂಲು ಹೊರಗಿಟ್ಟರು, ಫ್ಯಾನು ತಿರುಗಿಸಿದರು. ಏನು ಬೇಕೆಂದು ಕೇಳದೆ ಮೇಜಿನಡಿಯಿಂದ ಒಂದು ಪೆಟ್ಟಿಗೆ ತೆಗೆದರು. ಅದರ ಮೇಲೆ ಪೆನ್ಸಿಲಿನಲ್ಲಿ 'ಶೇಖರಣ್ಣ' ಎಂದು ಬರೆದಿತ್ತು.

"ಇದು ಯಾವಾಗ ಬರೆದದ್ದು?" ಶೇಖರ ಗುರಾಯಿಸಿದ.

"ಗುರುವಾರ, ನೀವು ಹೋದ ಕೂಡಲೇ."

"ಮತ್ತೆ ಆ ಕೊಕ್ಕಡದ ಸಂಗತಿ..."

"ನನಗೆ ಗೊತ್ತಿಲ್ಲ. ವೀಡಿಯೋ ಮೂರು ಗ್ರೂಪಿನಿಂದ ಬಂತು. ನಾನು ನೋಡ್ಲೇ ಇಲ್ಲ."

"ನೋಡದೆ ಮೂರೂ ಒಂದೇ ಅಂತ ಹೇಗೆ ಗೊತ್ತಾಯ್ತು?"

"ಮಗಳು ರಾಫಿಯಾ ನೋಡಿ ಹೇಳಿದ್ಳು" ಎಂದು ಖಲೀಲ್ ತಲೆ ಬಗ್ಗಿಸಿ ಪೆಟ್ಟಿಗೆಗೆ ದಾರ ಕಟ್ಟಿದರು. ಆ ಹಳದಿ ಪಂಪನ್ನೂ ತಾವೇ ಇಟ್ಟುಕೊಂಡು, ಶೆಡ್ಡಿನಲ್ಲಿ ಲಾರಿಗಳಿಗೆ ಡೀಸೆಲ್ ತುಂಬಿಸುವ ಮೊಯಿದಿನಬ್ಬರಿಗೆ ಹೇಳಿ ನೋಡುತ್ತೇನೆಂದರು. ಅಲ್ಲಿ ಕರೆಂಟ್ ಹೋದರೆ ಲಾರಿಗೆ ಏನೂ ಆಗುವುದಿಲ್ಲವಂತೆ.

ಈಗ ಶೇಖರ ಪಿಕಪ್ಪಿನ ಬ್ಯಾಟರಿಗೆ ಎರಡು ಕ್ಲಿಪ್ಪು ಕಚ್ಚಿಸುತ್ತಾನೆ. ಸಣ್ಣ ಪಂಪು ಬೆಕ್ಕಿನಂತೆ ಗುರುಗುಟ್ಟುತ್ತದೆ, ಹೂಜಿಯಿಂದ ನೀರು ಬಗ್ಗಿಸುವಷ್ಟು ಹೊತ್ತಿನಲ್ಲಿ ಟ್ಯಾಂಕು ಅರ್ಧವಾಗುತ್ತದೆ. ಹಲ್ಲು ಬಾಯಿಯಲ್ಲೇ ಇರುತ್ತದೆ. ಹೊಸ ಪಂಪು ನೋಡಲು ಬಂದವರಿಗೆ, "ಕೊಳ್ಳುವ ಮೊದಲು ಕರೆಂಟ್ ಎಲ್ಲಿಂದ ಅಂತ ಕೇಳ್ಬೇಕು ಮಾರಾಯ, ಜನರಿಗೆ ಇಷ್ಟೂ ಗೊತ್ತಿಲ್ಲ" ಎಂದು ಉಪದೇಶ ಮಾಡುತ್ತಾನೆ. ಲಾರಿಯವರು ಬಾಟಲಿ ತರುವುದನ್ನು ನಿಲ್ಲಿಸಿದರು. ಅವರಿಗೆ ಗಟ್ಟಿಯಾಗಿ ಹೇಳಿದವಳು ನಾನೇ.

ಆದರೆ ಮೊನ್ನೆ ಅವನು ಪಂಪು ಬಿಚ್ಚಿ ಪೈಪನ್ನು ಸುತ್ತುವಾಗ ತುದಿಯಲ್ಲಿ ಒಂದು ಹನಿ ನಿಂತಿತ್ತು. ಆಚೆ ಈಚೆ ನೋಡಿ, ಕಿರುಬೆರಳಿನಲ್ಲಿ ಅದನ್ನು ತೆಗೆದು ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ಚಪ್ಪರಿಸಿದ. "ಒಳ್ಳೇ ಮಾಲು" ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ನಾನು ಕಿಟಕಿಯಲ್ಲಿದ್ದೆ. ನೋಡಿಯೇ ಇಲ್ಲವೆಂಬಂತೆ ತಿರುಗಿದೆ. ಡಾಕ್ಟರು ಹೇಳಿದ್ದು ಪೈಪಿನ ಸಂಗತಿ, ಕಿರುಬೆರಳಿನ ಸಂಗತಿ ಏನೂ ಹೇಳಿರಲಿಲ್ಲ.